ತೊಳೆಯಬಾರದಿದ್ದ ಬಿಲ್ಲೆಗಳು

ಮಾರ್ಚ್ 3, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಕಾಗದಕ್ಕಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದು ಹೋದೀತು.

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದೆ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ನಿಮಿಷ ತಡ, ತಪ್ಪು ಯಾರದು ಎಂದು ಬರೆದಿಡುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಪತ್ರಿಕೆ ಓದಿಕೊಂಡು, ಕಾಫಿ ಕುಡಿದುಕೊಂಡು ಇರಬಹುದೆಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿಗೆ ಮೇಕೆ ಸಾಕುವ ಹುಚ್ಚು ಹತ್ತಿತು. ಒಂದಲ್ಲ, ಎರಡಲ್ಲ, ಏಳು. ಹೋಗಲಿ, ಹಾಲು ಮಾರುತ್ತಾಳೆಯೇ ಎಂದರೆ ಅದೂ ಇಲ್ಲ. ಚೀಸು ಮಾಡುತ್ತಾಳೆ. ಆರು ವರ್ಷದಿಂದ ಈ ಮನೆಯ ದಿಂಬಿಗೂ ಮೇಕೆಯ ವಾಸನೆ.

ನಿನ್ನೆ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಎರಡು ಮೂಳೆ ಮುರಿದುಕೊಂಡಿದ್ದಾಳೆ. ಮೊಣಕೈವರೆಗೆ ಪ್ಲಾಸ್ಟರ್, ಆರು ವಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಮುರಿದದ್ದು ಅವಳ ಕೈ, ಹಾಲು ಹಿಂಡಬೇಕಾದವನು ನಾನು.

ಇದೇ ಸಮಯವೆಂದು ಮೀಸೆಯವನ ವಿಷಯ ಎತ್ತಿದೆ. ಪಕ್ಕದ ದೊಡ್ಡ ಫಾರಂ ಅವನದು. ಎರಡು ವರ್ಷದಿಂದ ನಮ್ಮ ಮೇಕೆಗಳನ್ನು ಕೊಡಿ ಕೊಡಿ ಎಂದು ಬೆನ್ನು ಹತ್ತಿದ್ದಾನೆ.

"ಕೊಟ್ಬಿಡೋಣ. ನೀನೂ ಆರಾಮಾಗಿರು, ನಾನೂ ಆರಾಮಾಗಿರ್ತೀನಿ," ಎಂದೆ.

"ಏಪ್ರಿಲ್ ಹನ್ನೆರಡಕ್ಕೆ ಅಂಗಡಿಯಮ್ಮ ಬರ್ತಾರೆ," ಎಂದಳು. ಪೇಟೆಯಲ್ಲಿ ಬರೀ ಚೀಸಿನದೇ ಅಂಗಡಿ ಇಟ್ಟಿರುವ ಹೆಂಗಸು. "ಕೆಳಗಿರೋ ಹತ್ತು ಚೀಸಿನ ಬಿಲ್ಲೆ ರುಚಿ ನೋಡಿ, ಅವರ ಅಂಗಡಿಗೆ ಬೇಕೋ ಬೇಡ್ವೋ ಹೇಳ್ತಾರೆ. ಬೇಡ ಅಂದ್ರೆ ನಾನೇ ಮೀಸೆಯವ್ರನ್ನ ಕರೆದು ಮೇಕೆ ಕೊಟ್ಬಿಡ್ತೀನಿ. ಅಲ್ಲೀವರೆಗೂ ಈ ಮಾತು ಎತ್ಬೇಡಿ."

ಇಷ್ಟು ದಿನ ಅವಳು ಮಾರುತ್ತಿದ್ದುದು ನಾಲ್ಕು ದಿನಕ್ಕೆ ಕೆಡುವ ಮೆತ್ತನೆಯ ಚೀಸು. ತಿಂಗಳುಗಟ್ಟಲೆ ಮಾಗಿಸುವ ಗಟ್ಟಿ ಬಿಲ್ಲೆಗೆ ಕೈ ಹಾಕಿದ್ದು ಇದೇ ಮೊದಲು. ಜನವರಿಯಲ್ಲಿ ಮಾಡಿಟ್ಟದ್ದು, ಒಂದೊಂದೂ ಎರಡು ಕಿಲೋ ತೂಗುತ್ತದೆ. ಅಂಗಡಿಯಮ್ಮ ಬೇಡವೆನ್ನಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ನಲವತ್ತು ದಿನ. ತಡೆದುಕೊಳ್ಳಬಹುದು.

ಮಾರ್ಚ್ 4, ಮಂಗಳವಾರ

ಆರು ಗಂಟೆಗೆ ಸರಿಯಾಗಿ ಕೊಟ್ಟಿಗೆಗೆ ಹೋದೆ. ಆರೂವರೆಗೆ ಬಿಂದಿಗೆಯಲ್ಲಿದ್ದದ್ದು ಒಂದು ಲೋಟ ಹಾಲು, ಅದರೊಳಗೆ ಮೂರನೇ ನಂಬರಿನ ಮೇಕೆಯ ಕಾಲು. ಉಳಿದ ಆರೂ ಕೆಚ್ಚಲು ಬಿಗಿಹಿಡಿದು, ನನ್ನನ್ನು ಟಿಕೆಟ್ ಇಲ್ಲದೆ ಹತ್ತಿದವನಂತೆ ನೋಡುತ್ತ ನಿಂತವು.

"ನಿಮ್ಮ ವಾಸನೆ ಅವಕ್ಕೆ ಹೊಸದು. ನನ್ನ ಹಳೇ ಸ್ವೆಟರ್ ಹಾಕ್ಕೊಂಡು ಹೋಗಿ," ಎಂದಳು.

ಗುಲಾಬಿ ಬಣ್ಣ, ಎದೆಯ ಮೇಲೆ ಹೂವು. ತೋಳು ಮೊಣಕೈಗೇ ನಿಂತಿತು. ಹಾಲು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು. ಬೇಲಿಯಾಚೆ ಮೀಸೆಯವನು ಹಲ್ಲುಜ್ಜುತ್ತ ನಿಂತಿದ್ದ. "ಸ್ವಾಮೀ, ಬಣ್ಣ ನಿಮಗೆ ಒಪ್ಪತ್ತೆ," ಎಂದ. ಬಿಂದಿಗೆ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ 6, ಗುರುವಾರ

ಹೆಪ್ಪು ಹಾಕಿದ ಮೇಲೆ ಎಷ್ಟು ಹೊತ್ತಿಗೆ ಕತ್ತರಿಸಬೇಕು ಎಂದು ಕೇಳಿದೆ. "ಮುಕ್ಕಾಲು ಗಂಟೆ ಆಗ್ಬಹುದು. ಬೆರಳು ಹಾಕಿ ನೋಡಿ," ಎಂದಳು. ಬೆರಳು ಯಾಕೆ, ಗಡಿಯಾರ ಇದೆಯಲ್ಲ. ಸರಿಯಾಗಿ ನಲವತ್ತೈದನೇ ನಿಮಿಷಕ್ಕೆ ಚಾಕು ಇಳಿಸಿದೆ. ಒಳಗೆ ಗಂಜಿ. ಒಂದು ಹೊತ್ತಿನ ಹಾಲೆಲ್ಲ ನೀರಾಗಿ ಬಟ್ಟೆಯಿಂದ ಹರಿದು ಹೋಯಿತು.

"ಚಳಿ ಇದ್ರೆ ತಡ ಆಗತ್ತೆ ರೀ. ಬೆರಳಿನ ಮೇಲೆ ಅದು ಸೀಳ್ಕೊಂಡು ಹೋಗ್ಬೇಕು, ಅಂಟ್ಕೋಬಾರ್ದು."

ಹಾಗಾದರೆ ಮುಕ್ಕಾಲು ಗಂಟೆ ಎಂದು ಯಾಕೆ ಹೇಳಬೇಕಿತ್ತು? ಆಗಬಹುದು, ಇರಬಹುದು, ಸ್ವಲ್ಪ ಹೊತ್ತು: ಇಂಥ ಮಾತಿನಲ್ಲಿ ಡಿಪೋ ನಡೆಸಿದ್ದರೆ ಒಂದು ಬಸ್ಸೂ ಊರು ಸೇರುತ್ತಿರಲಿಲ್ಲ.

ಮಾರ್ಚ್ 9, ಭಾನುವಾರ

ಕೈ ಕೆಸರಾದರೆ ಬಾಯಿ ಮೊಸರು ಎಂದವರು ಯಾರೋ ಮೇಕೆ ಕಟ್ಟಿದವರಲ್ಲ. ನನಗೆ ಕೈಯೂ ಕೆಸರು, ಬಾಯಿಗೆ ಬಿಸಿ ಕಾಫಿಯೂ ಇಲ್ಲ.

ದಿನವೂ ಇಷ್ಟು: ಎರಡು ಹೊತ್ತು ಹಿಂಡುವುದು, ಸೋಸುವುದು, ಕಾಯಿಸುವುದು, ಹೆಪ್ಪು, ಬಟ್ಟೆ ಕಟ್ಟುವುದು, ಪಾತ್ರೆ. ಪಾತ್ರೆಗೆ ಕೊನೆಯೇ ಇಲ್ಲ. ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ಹಲಗೆಯ ಮೇಲಿನ ಹತ್ತು ಬಿಲ್ಲೆಗಳನ್ನು ಒಂದೊಂದಾಗಿ ಮಗುಚಿ ಹಾಕುವುದು. "ತಿರುಗ್ಸಿ, ಅಷ್ಟೇ. ಬೇರೇನೂ ಮಾಡ್ಬೇಡಿ," ಎಂಬುದು ಆಜ್ಞೆ. ಅವಳಿಗೆ ಅಲ್ಲಿ ಇಳಿಯಲಾಗದು. ಮೆಟ್ಟಿಲು ಕಡಿದು, ಹಿಡಿದುಕೊಳ್ಳುವ ಕಂಬಿ ಇರುವುದು ಬಲಕ್ಕೆ ಮಾತ್ರ.

ಬಿಲ್ಲೆಗಳ ಮೇಲೆ ಏನೋ ಬೂದು ಬಣ್ಣ ಕಾಣಿಸುತ್ತಿದೆ. ದೀಪ ಮಂಕು, ಸರಿಯಾಗಿ ತಿಳಿಯಲಿಲ್ಲ.

ಮೂರನೇ ನಂಬರಿನದು ಮತ್ತೆ ಒದೆಯಿತು. ಹಿಂಡುವಾಗ ಸಾಲಿನ ಉದ್ದಕ್ಕೂ ಓಡಾಡಿ ಎಲ್ಲರನ್ನೂ ತಳ್ಳಿ ಒಳಗೆ ಸರಿಸುತ್ತದೆ. ನಮ್ಮ ಡಿಪೋದಲ್ಲಿ ಹೀಗೇ ಒಬ್ಬ ಕಂಡಕ್ಟರ್ ಇದ್ದ.

ಮಾರ್ಚ್ 12, ಬುಧವಾರ

ಇವತ್ತು ಬಲ್ಬು ಬದಲಾಯಿಸಿ ನೋಡಿದೆ. ಹತ್ತಕ್ಕೆ ಹತ್ತೂ ಬಿಲ್ಲೆ ಬೂಷ್ಟು ಹಿಡಿದಿವೆ! ಇಲಿಯ ಬೆನ್ನಿನಂತೆ ಬೂದು ತುಪ್ಪಳ. ನನ್ನ ಕೈಗೆ ಬಂದ ಹತ್ತೇ ದಿನಕ್ಕೆ ಕೆಡಿಸಿಬಿಟ್ಟೆನಲ್ಲ. ಅವಳಿಗೆ ಹೇಳಿ ಗಾಬರಿ ಮಾಡುವುದೇಕೆಂದು ಬಿಸಿನೀರು, ವಿನೆಗರ್, ಪಾತ್ರೆ ತಿಕ್ಕುವ ಬ್ರಷ್ಷು ತೆಗೆದುಕೊಂಡು ಹೋದೆ. ಎರಡು ಗಂಟೆ ತಿಕ್ಕಿದೆ. ಸೊಂಟ ಬಿದ್ದು ಹೋಯಿತು. ಆದರೆ ಹತ್ತೂ ಹೊಸ ಸೋಪಿನ ಹಾಗೆ ಬೆಳ್ಳಗಾದವು. ನನಗೇ ಹೆಮ್ಮೆಯಾಯಿತು. ಊಟಕ್ಕೆ ಕೂತಾಗ ಹೇಳಿ ಭೇಷ್ ಎನಿಸಿಕೊಳ್ಳೋಣ ಎಂದುಕೊಂಡೆ.

ತುತ್ತು ಎತ್ತುವ ಮೊದಲೇ ಅವಳು ಕೇಳಿದಳು: "ರೀ, ಬಿಲ್ಲೆಗಳ ಮೈತುಂಬ ಬೂದು ಬೂಷ್ಟು ಬಂದಿದ್ಯಾ? ಮುಟ್ಟಿದ್ರೆ ಮೆತ್ತಗೆ, ಬೆಕ್ಕಿನ ಮರಿ ಥರ?"

"ಯಾಕೆ?" ಎಂದೆ.

"ಅದೇ ಅದರ ಚರ್ಮ. ಅದು ಒಳಗಿನ ರುಚಿ ಕಾಯತ್ತೆ. ಬರ್ಸೋಕೆ ಎರಡು ತಿಂಗಳು ಒದ್ದಾಡಿದೀನಿ. ಅದೊಂದು ಬಂದ್ರೆ ನಾನು ಗೆದ್ದ ಹಾಗೆ."

"ಬಂದಿದೆ," ಎಂದೆ. ಸುಳ್ಳಲ್ಲ. ಬಂದಿತ್ತು.

ಮಾರ್ಚ್ 13, ಗುರುವಾರ

ಹೇಳಲಿಲ್ಲ.

ಮಾರ್ಚ್ 17, ಸೋಮವಾರ

ದಿನವೂ ಕೇಳುತ್ತಾಳೆ. ದಿನವೂ ಹೇಳುತ್ತೇನೆ. ಇವತ್ತಂತೂ "ಬೂದು ಜಾಸ್ತಿಯಾಗಿ ಅಂಚಲ್ಲಿ ಸ್ವಲ್ಪ ಬಿಳಿ ಬಂದಿದೆ," ಎಂದು ಇಲ್ಲದ್ದನ್ನು ಸೇರಿಸಿದೆ. ಅವಳ ಮುಖ ಅರಳಿತು. ಹಾಳಾಗಿ ಹೋಗಲಿ ನನ್ನ ನಾಲಿಗೆ.

ಹೇಳುವುದಕ್ಕೆ ಧೈರ್ಯವಿಲ್ಲ ಎಂದಲ್ಲ. ಅವಳು ಬೈದರೆ ಬೈಸಿಕೊಳ್ಳುತ್ತೇನೆ, ಅದೇನು ಹೊಸದೇ? ಸಮಸ್ಯೆ ಬೇರೆ. ಮೇಕೆ ಮಾರೋಣ, ಮಾರೋಣ ಎಂದು ವರ್ಷಗಟ್ಟಲೆ ಗೊಣಗಿದವನು ನಾನು. ಅಂಗಡಿಯಮ್ಮ ಬೇಡವೆಂದರೆ ಮಾರುತ್ತೇನೆ ಎಂದು ಬಾಯಿ ಬಿಟ್ಟು ಹೇಳಿದವಳು ಅವಳು. ಅವಳು ಹಾಗೆ ಹೇಳಿದ ಒಂಬತ್ತೇ ದಿನಕ್ಕೆ ಬಿಲ್ಲೆಗಳ ಚರ್ಮ ಸುಲಿದಿದೆ. ಪೊಲೀಸರೇ ಬೇಡ, ಯಾರು ಕೇಳಿದರೂ ಗಂಡನೇ ಬೇಕೆಂದು ಮಾಡಿದ್ದಾನೆ ಎನ್ನುತ್ತಾರೆ.

ಮೂರನೇ ನಂಬರಿನ ಕಂಡಕ್ಟರ್ ಈಗ ಒದೆಯುವುದಿಲ್ಲ, ನಾನು ಬಲಗಡೆಯಿಂದ ಕೂತರೆ. ಬಾಗಿಲಲ್ಲಿ ನಿಂತು ಎಲ್ಲರ ಮೈ ಮೂಸುವ ಮೇಕೆಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದೇನೆ. ಕೊಟ್ಟಿಗೆಗೆ ಯಾವತ್ತೂ ಕೊನೆಗೆ ಬರುವವಳು ಲಾಸ್ಟ್ ಬಸ್. ಸುಮ್ಮನೆ, ಗುರುತಿಗೆ.

ಮಾರ್ಚ್ 20, ಗುರುವಾರ

ಎರಡು ಬಿಲ್ಲೆ ಬಿರುಕು ಬಿಟ್ಟಿವೆ. ಒಂದರಿಂದ ಎಣ್ಣೆಯಂತೆ ಏನೋ ಒಸರುತ್ತಿದೆ. ಸಾಕಾಯಿತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮೇಲೆ ಬಂದು ನಿಂತೇ ಎಲ್ಲ ಹೇಳಿದೆ. ಬ್ರಷ್ಷು, ವಿನೆಗರ್, ಒಂಬತ್ತು ದಿನದ ಸುಳ್ಳು, ಅಂಚಿನ ಬಿಳಿ, ಎಲ್ಲ.

ನಾನು ಹೆದರಿದ್ದ ಮಾತನ್ನೇ ಕೇಳಿದಳು.

"ಬೇಕೂ ಅಂತ ಮಾಡಿದ್ರಾ?"

"ಇಲ್ಲ ಕಣೇ."

"ಹೂಂ," ಎಂದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 21

ಮಾತಿಲ್ಲ.

ಮಾರ್ಚ್ 22

ಮಾತಿಲ್ಲ. ಕಾಫಿ ಲೋಟ ಟೇಬಲ್ಲಿನ ಮೇಲೆ ಇಡುತ್ತೇನೆ, ತೆಗೆದುಕೊಳ್ಳುತ್ತಾಳೆ. ಒಂದು ಕೈಯಲ್ಲೇ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ಸಹಾಯಕ್ಕೆ ಹೋದರೆ ಬಾಚಣಿಗೆ ಕೆಳಗಿಟ್ಟಳು.

ಮಾರ್ಚ್ 24, ಸೋಮವಾರ

ತಾಳ್ಮೆಗೂ ಒಂದು ಮಿತಿ ಇದೆ. ಬೆಳಿಗ್ಗೆ ಹಾಲಿನ ಕೆಲಸ ಮುಗಿಸಿ ನೆಲಮಾಳಿಗೆಗೆ ಇಳಿದವನು ಹತ್ತೂ ಬಿಲ್ಲೆಗಳನ್ನು ಒಂದೊಂದಾಗಿ ಎದೆಗೆ ಅವುಚಿಕೊಂಡು ಮೇಲೆ ಹೊತ್ತೆ. ಹತ್ತು ಸಲ ಇಳಿದು, ಹತ್ತು ಸಲ ಹತ್ತಿದೆ. ಅವಳ ಮುಂದಿನ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ.

"ನನ್ನ ಜೊತೆ ಮಾತಾಡ್ಬೇಡ. ಇವುಗಳ ಜೊತೆ ಆದ್ರೂ ಮಾತಾಡು. ಏನು ಮಾಡ್ಬೇಕು ಹೇಳು, ಮಾಡ್ತೀನಿ. ಹೇಳದಿದ್ರೆ ನಾನು ಮತ್ತೆ ನನ್ನ ಬುದ್ಧಿ ಉಪಯೋಗಿಸ್ತೀನಿ, ನೋಡ್ಕೋ," ಎಂದೆ.

ಆ ಬೆದರಿಕೆಗೆ ಬೆಲೆ ಬಂತು. ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೂ ಮೂಸಿದಳು, ಎಡಗೈ ಹೆಬ್ಬೆರಳಿಂದ ಒತ್ತಿದಳು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಮೂರನ್ನು ಪಕ್ಕಕ್ಕೆ ಸರಿಸಿದಳು. "ಇವು ಹೋದ್ವು." ಉಳಿದ ಏಳನ್ನು ಬಹಳ ಹೊತ್ತು ನೋಡಿದಳು.

"ಬಿರುಕಿಗೆ ಬೆಣ್ಣೆ ತುಂಬಿ. ದಿನ ಬಿಟ್ಟು ದಿನ ಉಪ್ಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಒರೆಸಿ. ಒರೆಸೋದು ಅಂದ್ರೆ ಒರೆಸೋದು. ಮಗೂಗೆ ಮುಖ ಒರೆಸ್ತಾರಲ್ಲ, ಹಾಗೆ. ನಿಮ್ಮ ಪೌರುಷ ತೋರಿಸ್ಬೇಡಿ."

ಮತ್ತೆ ಏಳು ಸಲ ಇಳಿದು ಹತ್ತಿದೆ. ಮಂಡಿ ಸತ್ತು ಹೋಗಿದೆ. ಆದರೆ ಊಟದ ಹೊತ್ತಿಗೆ "ಉಪ್ಪು ಕಮ್ಮಿ" ಎಂದಳು. ಬಿಲ್ಲೆಯ ವಿಷಯ ಬಿಟ್ಟು ಬೇರೆ ಮಾತು ಕೇಳಿದ್ದು ನಾಲ್ಕು ದಿನದ ಮೇಲೆ.

ಏಪ್ರಿಲ್ 2, ಬುಧವಾರ

ದಿನಚರಿ ಬರೆಯಲು ಪುರುಸೊತ್ತಿಲ್ಲ. ಲಾಸ್ಟ್ ಬಸ್ಸಿನ ಕೆಚ್ಚಲು ಗಡುಸಾಗಿತ್ತು. ಎರಡು ದಿನ ಬಿಸಿ ಬಟ್ಟೆ ಇಟ್ಟು ನೀವಿದೆ. ನೋವಾದರೂ ಸುಮ್ಮನೆ ನಿಂತಿತ್ತು ಪಾಪ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಎಲ್ಲ ಸುಳ್ಳು. ಇವಳು ಒಣಗಿದ ಹುಲ್ಲಿನ ಕಟ್ಟಿನಲ್ಲಿ ಮೇಲಿನ ಪದರ ಮುಟ್ಟುವುದಿಲ್ಲ, ಒಳಗಿನದೇ ಬೇಕು. ಬಿಡಿಸಿ ಕೊಡಬೇಕು. ನನ್ನ ಸ್ವಂತ ಹೆಂಡತಿಗೆ ಇಷ್ಟು ಉಪಚಾರ ಮಾಡಿಲ್ಲ.

ಏಳರಲ್ಲಿ ಐದು ಬಿಲ್ಲೆಗೆ ಮತ್ತೆ ಮೈ ಬರುತ್ತಿದೆ. ಬೂದು ಅಲ್ಲ, ಅಲ್ಲಲ್ಲಿ ಕೆಂಪು ಮಿಶ್ರಿತ ಕಂದು. ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅದೇನೋ ನಿಮ್ಮ ಥರಾನೇ ಹೊಸ ಜಾತಿ," ಎಂದಳು.

ಮೀಸೆಯವನು ಬೇಲಿಯಿಂದ ಕೇಳಿದ: "ಅಂಗಡಿಯಮ್ಮ ಬರೋದು ಹನ್ನೆರಡನೇ ತಾರೀಖಿಗೇ ಅಲ್ವಾ ಸ್ವಾಮೀ? ನಮ್ಮ ಕೊಟ್ಟಿಗೇಲಿ ಜಾಗ ಮಾಡಿದೀನಿ."

ಎಷ್ಟು ಆತುರ ಮನುಷ್ಯನಿಗೆ. ನಾಚಿಕೆ ಬೇಡವೇ?

ಏಪ್ರಿಲ್ 12, ಶನಿವಾರ

ಅಂಗಡಿಯಮ್ಮ ಹನ್ನೊಂದು ಗಂಟೆಗೆ ಬಂದಳು. ಸರಿಯಾದ ಸಮಯಕ್ಕೇ ಬಂದಳು, ಅದಕ್ಕೆ ಹೆಸರಿಡುವಂತಿಲ್ಲ. ಉಳಿದದ್ದಕ್ಕೆಲ್ಲ ಇಡಬಹುದು.

ಒಂದು ಬಿಲ್ಲೆಗೆ ಉದ್ದನೆಯ ಟೊಳ್ಳು ಕಬ್ಬಿಣದ ಕಡ್ಡಿ ಚುಚ್ಚಿ, ತಿರುವಿ, ಬಳಪದಂಥ ತುಂಡೊಂದನ್ನು ಹೊರಗೆ ತೆಗೆದಳು. ಮೂಸಿದಳು, ಮುರಿದಳು, ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಇನ್ನೊಂದು ಬಿಲ್ಲೆ, ಮತ್ತೊಂದು ಬಿಲ್ಲೆ. ನಮ್ಮವಳು ಪ್ಲಾಸ್ಟರ್ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ದವಡೆಯನ್ನೇ ನೋಡುತ್ತಿದ್ದಳು. ನಾನೂ.

"ನಡುವೆ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ," ಎಂದಳು ಅಂಗಡಿಯಮ್ಮ. "ಸಿಪ್ಪೆ ಹತ್ತಿರ ಕಹಿ ಇದೆ. ಸಿಪ್ಪೆನೂ ಒಂದೇ ಸಮ ಬಂದಿಲ್ಲ. ಇದನ್ನ ನಾನು ಇಡೋಕಾಗಲ್ಲಮ್ಮ. ಏನಾಯ್ತು ಇದಕ್ಕೆ?"

ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ನಮ್ಮವಳು, "ನಾನೇ ತೊಳೆದುಬಿಟ್ಟೆ. ಗೊತ್ತಾಗ್ಲಿಲ್ಲ," ಎಂದಳು.

ಗೊತ್ತಾಗಲಿಲ್ಲವಂತೆ! ಆರು ವರ್ಷ ಹಾಲಿನಲ್ಲಿ ಕೈಯಾಡಿಸಿದವಳಿಗೆ! ಆ ಹೆಂಗಸು ಅಯ್ಯೋ ಪಾಪ ಎನ್ನುವಂತೆ ನೋಡಿದಳು, ಏನೂ ತಿಳಿಯದ ಹೊಸಬಳನ್ನು ನೋಡುವ ಹಾಗೆ. ನಾನು ಅಲ್ಲೇ ಕಂಬದಂತೆ ನಿಂತಿದ್ದೆ. ಅಂಗಡಿಯಮ್ಮ ಹೋದ ಮೇಲೆ ನಮ್ಮವಳ ಮೇಲೆ ಕೂಗಾಡಿದೆ. ಮೂವತ್ತೊಂದು ವರ್ಷದಲ್ಲಿ ಒಬ್ಬನ ತಡವನ್ನು ಇನ್ನೊಬ್ಬನ ಹೆಸರಿಗೆ ನಾನು ಬರೆದವನಲ್ಲ, ನನ್ನ ತಪ್ಪನ್ನು ನಿನ್ನ ಹೆಸರಿಗೆ ಯಾಕೆ ಹಾಕಿಕೊಂಡೆ ಎಂದು ಕೇಳಿದೆ.

"ನಿಮ್ಮನ್ನ ಆಯಮ್ಮನ ಮುಂದೆ ಬಿಟ್ಕೊಡ್ಲಾ?" ಎಂದಳು. ಅಷ್ಟೇ.

ಏನು ಮಾಡಬೇಕು ಇಂಥವಳಿಗೆ? ಇದಕ್ಕಿಂತ ನಾಲ್ಕು ದಿನ ಮಾತು ಬಿಟ್ಟದ್ದೇ ವಾಸಿಯಾಗಿತ್ತು.

ನಾನು ಬೇಡಿಕೊಂಡದ್ದೇ ಆಗಿದೆ. ಖುಷಿಯಾಗಬೇಕಿತ್ತು. ಕಹಿಯಂತೆ, ಕಹಿ! ಅವಳು ಹೋದ ಮೇಲೆ ತಿಂದು ನೋಡಿದೆ. ಅಂಚು ಸ್ವಲ್ಪ ಕಹಿ ಇರಬಹುದು, ಯಾರು ಇಲ್ಲವೆಂದರು? ನಡುವಿನದು ಬಾಯಲ್ಲಿ ಕರಗಿ ಹೋಗುವಾಗ ಒಣಹುಲ್ಲಿನ ಘಮ ಬರುತ್ತದೆ. ಆ ಪೇಟೆಯವಳಿಗೆ ಅದು ಯಾವ ಹುಲ್ಲು ಎಂದು ಗೊತ್ತೇ?

ಏಪ್ರಿಲ್ 14, ಸೋಮವಾರ

ಪ್ಲಾಸ್ಟರ್ ತೆಗೆದರು. ಒಳಗಿನ ಕೈ ಸೊರಗಿ ಕಡ್ಡಿಯಾಗಿದೆ. ಬೆರಳು ಮಡಚುತ್ತವೆ, ಬಿಗಿ ಹಿಡಿಯುವುದಿಲ್ಲ. ವ್ಯಾಯಾಮ ಮಾಡಿ, ತಟ್ಟೆ ಲೋಟಕ್ಕೆ ತೊಂದರೆಯಿಲ್ಲ, ಆದರೆ ಹಿಂಡುವ ಕೆಲಸಕ್ಕೆ ಈ ಕೈ ಇನ್ನು ಬಾರದು ಎಂದರು ಡಾಕ್ಟರು.

ಮನೆಗೆ ಬಂದವಳು ನೇರ ಕೊಟ್ಟಿಗೆಗೆ ಹೋಗಿ ಲಾಸ್ಟ್ ಬಸ್ಸಿನ ಪಕ್ಕ ಕೂತಳು. ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಕೆಚ್ಚಲಿಗೆ ಕೈ ಹಾಕಿ ಹಿಂಡಿದಳು. ನಾಲ್ಕು ಹನಿ ಬಂತು. ಮತ್ತೆ ಹಿಂಡಿದಳು. ಅದೂ ಇಲ್ಲ. ಮೇಕೆ ತಿರುಗಿ ಅವಳ ಮುಖ ನೋಡಿತು. ಅದರ ಹೊಟ್ಟೆಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ನನಗೆ ನೋಡಲಾಗಲಿಲ್ಲ, ಹಿತ್ತಲಿಗೆ ಹೋದೆ.

ಒಳಗೆ ಬಂದಾಗ ಮೀಸೆಯವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತನ್ನಿ," ಎಂದಳು. ಇಟ್ಟ ಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಮಾತು ಅಂದ್ರೆ ಮಾತು. ಆರು ವಾರ ನೀವೂ ಪಾಡು ಪಟ್ರಿ. ಇನ್ನು ಆರಾಮಾಗಿರಿ."

ಏಪ್ರಿಲ್ 15, ಮಂಗಳವಾರ

ಆರಕ್ಕೆ ಹಿಂಡಿದೆ. ಎಂಟಕ್ಕೆ ಏಳೂ ಮೇಕೆಗಳ ಮೈ ಒರೆಸಿ ಹಗ್ಗ ಹಾಕಿದೆ. ಕಂಡಕ್ಟರ್ ಹಗ್ಗ ಬೇಡವೆಂದು ತಲೆ ಕೊಡವಿತು. ಎಂಟೂ ಐವತ್ತಕ್ಕೆ ಗೇಟಿನ ಹತ್ತಿರ ನಿಂತೆವು.

ಒಂಬತ್ತು. ಗಾಡಿ ಇಲ್ಲ.

ಒಂಬತ್ತು ಐದು. ಇಲ್ಲ.

ಒಂಬತ್ತು ಹತ್ತು. ಬೇಲಿಯಾಚೆಯ ಮನೆ, ಕೂಗಿದರೆ ಕೇಳುತ್ತದೆ. ಅಲ್ಲಿಂದ ಇಲ್ಲಿಗೆ ಬರಲು ಇಷ್ಟು ಹೊತ್ತು!

ಒಂಬತ್ತು ಹದಿನೇಳಕ್ಕೆ ಮೀಸೆಯವನು ಹಾರ್ನ್ ಹೊಡೆಯುತ್ತ ಬಂದ. ಇಳಿದು ಹಗ್ಗಕ್ಕೆ ಕೈ ಚಾಚಿದ.

"ಹದಿನೇಳು ನಿಮಿಷ ತಡ," ಎಂದೆ.

"ಟೈರಿಗೆ ಗಾಳಿ ಹಾಕಿಸ್ತಿದ್ದೆ ಸ್ವಾಮೀ."

"ನಮ್ಮಲ್ಲಿ ಹದಿನೈದು ನಿಮಿಷ ಮೀರಿದ್ರೆ ಟ್ರಿಪ್ ಕ್ಯಾನ್ಸಲ್. ವಾಪಸ್ ಹೋಗಿ."

ನಗೆಚಾಟಿಕೆ ಎಂದುಕೊಂಡ. ಹಗ್ಗ ಬಿಡಲಿಲ್ಲ ನಾನು. "ಹೊತ್ತಿಗೆ ಸರಿಯಾಗಿ ಬರೋಕಾಗದವ್ರು ಹೊತ್ತಿಗೆ ಸರಿಯಾಗಿ ಹಿಂಡ್ತಾರೆ ಅಂತ ಏನು ಗ್ಯಾರಂಟಿ? ಇವಳಿಗೆ ಕೆಚ್ಚಲು ಕಟ್ಕೊಂಡ್ರೆ ನೀವು ಬಿಸಿ ಬಟ್ಟೆ ಇಡ್ತೀರಾ? ಒಳಗಿನ ಹುಲ್ಲು ಬಿಡಿಸಿ ಕೊಡ್ತೀರಾ? ಇದಕ್ಕೆ ಎಡಗಡೆಯಿಂದ ಕೂತ್ರೆ ಆಗಲ್ಲ, ಗೊತ್ತಾ ನಿಮಗೆ?"

"ಯಜಮಾನ್ರೇ, ಹದಿನೇಳು ನಿಮಿಷಕ್ಕೆ ಯಾರಾದ್ರೂ ವ್ಯಾಪಾರ ಮುರೀತಾರಾ?" ಎಂದು ನಮ್ಮವಳ ಕಡೆ ತಿರುಗಿದ. ಅವಳು ಗೇಟಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಮಾತ್ರ ಅಲುಗುತ್ತಿತ್ತು.

ಗಾಡಿ ಖಾಲಿಯಾಗಿ ವಾಪಸ್ ಹೋಯಿತು.

"ರೀ," ಎಂದಳು ಆಮೇಲೆ, "ನನಗೂ ಬೇಕು ಮೇಕೆ ಅಂತ ಬಾಯ್ಬಿಟ್ಟು ಹೇಳೋಕೆ ನಿಮಗೇನು ಧಾಡಿ?"

ಹಾಗೇನಿಲ್ಲ, ಇದು ಶಿಸ್ತಿನ ಪ್ರಶ್ನೆ ಎಂದು ವಿವರಿಸಿದೆ. ಅವಳಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಏಪ್ರಿಲ್ 16, ಬುಧವಾರ

ರಾತ್ರಿಯೆಲ್ಲ ಒಂದೇ ಮಾತು ಕೊರೆಯುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಅಂಗಡಿಯಮ್ಮನಿಗೆ ಫೋನ್ ಮಾಡಿದೆ.

"ಬಿಲ್ಲೆ ತೊಳೆದಿದ್ದು ನಾನು. ಅವಳಲ್ಲ. ಅವಳಿಗೆ ಎಲ್ಲ ಗೊತ್ತು, ನನಗೇ ಏನೂ ಗೊತ್ತಿರ್ಲಿಲ್ಲ," ಎಂದೆ.

"ಇದನ್ನ ಹೇಳೋಕೆ ಫೋನ್ ಮಾಡಿದ್ರಾ?"

"ಹೌದು. ತಪ್ಪು ಯಾರದೋ ಅವರ ಹೆಸರಲ್ಲೇ ಇರ್ಬೇಕು."

"ಅಂದ್ರೆ ಈಗ ಅಲ್ಲಿ ಚೀಸು ಮಾಡೋರು ಯಾರು?" ಎಂದು ಕೇಳಿದಳು.

ನಮ್ಮವಳು ಬಾಗಿಲಲ್ಲಿ ನಿಂತು, ಡಾಕ್ಟರು ಹೇಳಿದ ಹಾಗೆ ಸೊರಗಿದ ಕೈಯನ್ನು ಮುಚ್ಚುತ್ತ ತೆರೆಯುತ್ತ ಇದ್ದಳು. ಪ್ರಶ್ನೆ ಅವಳಿಗೂ ಕೇಳಿಸಿತು. ಕೈ ನಿಂತಿತು.

"ನಾವಿಬ್ರೂ," ಎಂದೆ. "ಹೊಸ ಬಿಲ್ಲೆ ಜುಲೈ ಹದಿನಾರಕ್ಕೆ ಸಿದ್ಧವಾಗತ್ತೆ. ಬನ್ನಿ."

ಫೋನ್ ಇಡುವುದೇ ತಡ, ನಮ್ಮವಳು ಹರಿಹಾಯ್ದಳು. "ಯಾವ ಬಿಲ್ಲೆ ರೀ? ಇನ್ನೂ ಹಾಲೇ ಕಾಯಿಸಿಲ್ಲ, ಆಗ್ಲೇ ತಾರೀಖು ಕೊಟ್ರಾ? ಅದೇನು ಬಸ್ಸಾ, ಹೇಳಿದ ದಿನ ಬಂದು ನಿಲ್ಲೋಕೆ?"

ಕೈ ಹಿಂಡದಿದ್ದರೂ ಬಾಯಿಗೆ ಏನೂ ಆಗಿಲ್ಲ. ಒಂದು ಗಂಟೆ ಜಗಳವಾಡಿದೆವು. ಆಮೇಲೆ ಹಾಲು ಒಲೆಯ ಮೇಲಿಟ್ಟೆವು.